ಕಡಲೆಬೀಜದ ಪೊಟ್ಟಣದ ಮೇಲೆ ಬರೆದು ತೋರಿಸಿದವರಿಗೆ

ಮೈಸೂರಿನಿಂದ ಬೆಂಗಳೂರಿಗೆ ಹೊರಟಿದ್ದ ರೈಲಿನಲ್ಲಿ ಎದುರು ಸೀಟಿನಲ್ಲಿದ್ದ ಮೇಡಂ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಅರ್ಥಶಾಸ್ತ್ರ ಎಂ.ಎ.ಯ ಐಚ್ಛಿಕ ಪತ್ರಿಕೆಗಳ ಪಟ್ಟಿ ಹಿಡಿದು ನಾನು ಕಕ್ಕಾಬಿಕ್ಕಿಯಾಗಿದ್ದೆ. ಕೆಲಸ ಸಿಗುತ್ತದೆಂದು ಎಲ್ಲರೂ ಹಣಕಾಸಿನ ಕಡೆಗೇ ಕೈ ತೋರಿಸುತ್ತಿದ್ದರು. ನೀವು ಮಾತ್ರ, "ಯಾವ ಪ್ರಶ್ನೆ ನಿನ್ನ ತಲೆ ಕೊರೆಯುತ್ತದೆ?" ಎಂದಿರಿ. ನಾನು ನಮ್ಮೂರ ಕೆರೆಯ ಕಥೆ ಹೇಳಿದೆ: ನೀರು ಎಲ್ಲರಿಗೂ ಬೇಕು, ಹೂಳೆತ್ತಲು ಯಾರೂ ಇಲ್ಲ.

ಆಗ ನೀವು ಮಸಾಲೆ ಕಡಲೆಬೀಜದ ಪೊಟ್ಟಣ ಬಿಡಿಸಿ, ಪುಡಿ ಕೊಡವಿ, ಅದರ ಮೇಲೆ ನಾಲ್ಕು ಚೌಕ ಎಳೆದಿರಿ. ಇಬ್ಬರು ರೈತರು, ಒಬ್ಬ ಹೂಳೆತ್ತಿದರೆ ಇನ್ನೊಬ್ಬನಿಗೆ ಪುಕ್ಕಟೆ ನೀರು. ಹಾಗಾಗಿ ಇಬ್ಬರೂ ಸುಮ್ಮನೆ ಕೂರುತ್ತಾರೆ. ಒಬ್ಬರ ಲಾಭ ಇನ್ನೊಬ್ಬರ ನಡೆಯನ್ನೂ ಅವಲಂಬಿಸಿದಾಗ ಯಾರು ಏನು ಮಾಡುತ್ತಾರೆಂದು ನೋಡುವ ಇದೇ ಆಟ ಸಿದ್ಧಾಂತವಂತೆ (ಗೇಮ್ ಥಿಯರಿ)! ಇಂಥ ಸಾಮೂಹಿಕ ಸಂಪತ್ತನ್ನು ಜನರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರೆಂದು ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ನೊಬೆಲ್ ಬಂದದ್ದನ್ನೂ ಹೇಳಿದಿರಿ.

ಪರಿಸರ ಅರ್ಥಶಾಸ್ತ್ರ, ಆಟ ಸಿದ್ಧಾಂತ ಎರಡನ್ನೂ ಆರಿಸಿಕೊಂಡಿದ್ದೇನೆ. ನೀವು ಗದರಿದ್ದಕ್ಕೆ ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಎಕನಾಮೆಟ್ರಿಕ್ಸ್ ಕೂಡ ಸೇರಿತು. ಅದರ ಗಣಿತ ಸದ್ಯಕ್ಕೆ ನನ್ನನ್ನು ಹಣ್ಣು ಮಾಡುತ್ತಿದೆ. ಎಣ್ಣೆ ಕಲೆಯ ಸಮೇತ ಆ ಪೊಟ್ಟಣ ನೋಟ್‌ಬುಕ್ಕಿನಲ್ಲಿದೆ. ತುಂಬಾ ಧನ್ಯವಾದ, ಮೇಡಂ.