ಅಪ್ಪನ ಎಂಟು ಗಂಟೆಯ ಮಾತ್ರೆ

ಚಿರಂಜೀವಿ ಪುಟ್ಟನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ಮನಸ್ಸಿನಲ್ಲೇ ಕೂತಿದೆ. "ಅಪ್ಪ ಯಾವಾಗಲೂ ಮುಖ ಬಿಗಿದುಕೊಂಡೇ ಇರ್ತಾರೆ ಅತ್ತೆ, ನಮ್ಮ ಮೇಲೆ ಏನೋ ಬೇಜಾರು" ಅಂದೆ. ಬೇಜಾರಲ್ಲ ಮಗು. ಅಪ್ಪನ ಹಾಗೆ ಪಾರ್ಕಿನ್ಸನ್ ಕಾಯಿಲೆ ಬಂದವರ ಮುಖದ ಸ್ನಾಯುಗಳೂ ಬಿಗಿಯುತ್ತವೆ. ಒಳಗೆ ನಗು ಇದ್ದರೂ ಮುಖದ ಮೇಲೆ ಕಾಣುವುದಿಲ್ಲ. ಇದು ಗೊತ್ತಿಲ್ಲದೆ ನಿನ್ನ ಮಾವನ ಜೊತೆ ನಾನು ಎರಡು ವರ್ಷ ಸುಮ್ನೆ ಜಗಳ ಆಡಿದೆ. ನಿನಗೆ ಹಾಗಾಗಬಾರದು ಅಂತ ಈ ಕಾಗದ.

ಮಾವನಿಗೆ ಮೊದಲು ಶುರುವಾಗಿದ್ದು ಕೈ ನಡುಕವಲ್ಲ, ಅಕ್ಷರ ಸಣ್ಣದಾಗಿದ್ದು. ಅವರು ಮೇಷ್ಟ್ರು. ಬೋರ್ಡಿನ ಮೇಲಿನ ಅವರ ಅಕ್ಷರ ಕೊನೆಯ ಬೆಂಚಿಗೂ ಕಾಣುತ್ತಿತ್ತು. ಒಂದು ದಿನ ಸಹಿ ಹೊಂದುತ್ತಿಲ್ಲ ಅಂತ ಬ್ಯಾಂಕಿನಿಂದ ಚೆಕ್ ವಾಪಸ್ ಬಂತು. ನೋಡಿದರೆ ಶುರುವಿನ ಅಕ್ಷರ ಸರಿಯಾಗಿದೆ, ಕೊನೆಯದು ಸಾಸಿವೆ ಕಾಳಿನಷ್ಟಾಗಿದೆ. ಅದಕ್ಕೂ ಮುಂಚೆಯೇ ಒಗ್ಗರಣೆ ಸೀದರೂ ಅವರಿಗೆ ವಾಸನೆ ತಿಳಿಯುತ್ತಿರಲಿಲ್ಲ. ನಿದ್ದೆಯಲ್ಲಿ ಕೈಕಾಲು ಬೀಸಿ ಕೂಗುತ್ತಿದ್ದರು. ಅವೂ ಇದೇ ಕಾಯಿಲೆಯ ಸೂಚನೆ ಅಂತ ಆಮೇಲೆ ಡಾಕ್ಟರು ಹೇಳಿದರು.

1817ರಲ್ಲೇ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದಿದ್ದರು. ಮಿದುಳಿನ ಆಳದಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳು ನಿಧಾನವಾಗಿ ಸಾಯುತ್ತಾ ಹೋಗುತ್ತವೆ. ಕೈಕಾಲಿನ ಚಲನೆ ಸಲೀಸಾಗಿ ನಡೆಯಲು ಆ ಡೋಪಮಿನ್ ಬೇಕು. ಅಪ್ಪನ ತೋಳಿನಲ್ಲಿ ಬಲ ಇದೆ ಪುಟ್ಟ. ಶುರು ಮಾಡುವುದೇ ಕಷ್ಟ. ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ ಆದರೆ ಆಗಲಿ, ನೀನು ಹೋಗಿ ಹಾಕಬೇಡ. ನಾನು ಪ್ರೀತಿಯಿಂದಲೇ ಹಾಕುತ್ತಿದ್ದೆ. ವರ್ಷ ಕಳೆಯುವಷ್ಟರಲ್ಲಿ ಅವರು ಪ್ರಯತ್ನ ಮಾಡುವುದನ್ನೇ ಬಿಟ್ಟರು.

ಈಗ ಮಾತ್ರೆಯ ವಿಷಯ. ಇದನ್ನು ಎರಡು ಸಲ ಓದು. ಅಪ್ಪನಿಗೆ ಕೊಟ್ಟಿರುವುದು ಲೆವೊಡೋಪಾ. ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ, ಕೆಲವು ಗಂಟೆ ಕೆಲಸ ಮಾಡುತ್ತದೆ, ಆಮೇಲೆ ಇಳಿಯುತ್ತದೆ. ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಆದರೆ ಓಡಾಡುವ ಹಾಗೆ ಮಾಡುತ್ತದೆ. ಎಂಟು ಗಂಟೆಗೆ ಅಂದರೆ ಎಂಟಕ್ಕೇ ಕೊಡು. ಮಾವ ಬೆಳಿಗ್ಗೆ ಮಾತ್ರೆಯನ್ನು ಒಂದು ಲೋಟ ಬಿಸಿ ಹಾಲಿನ ಜೊತೆ ನುಂಗುತ್ತಿದ್ದರು. ಎಷ್ಟೋ ದಿನ ಅದು ಹಿಡಿಯುತ್ತಲೇ ಇರಲಿಲ್ಲ. ಹಾಲು, ಬೇಳೆ, ಮೊಟ್ಟೆಯ ಪ್ರೋಟೀನು ಆ ಔಷಧಿಗೆ ಅಡ್ಡ ಬರುತ್ತದಂತೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಬರೀ ನೀರಿನಲ್ಲಿ ಕೊಡಲು ಶುರು ಮಾಡಿದೆ. ಅದೇ ಮಾತ್ರೆ, ಅವರೇ ಎದ್ದು ಸ್ನಾನಕ್ಕೆ ಹೋದರು! ಅಪ್ಪನಿಗೆ ಹೇಗೆ ಕೊಡಬೇಕು ಅಂತ ನಿಮ್ಮ ಡಾಕ್ಟರನ್ನು ಕೇಳಿಕೋ. ಯಾವತ್ತೂ ಇದ್ದಕ್ಕಿದ್ದ ಹಾಗೆ ನಿಲ್ಲಿಸಬೇಡ. ಅದು ಜೀವಕ್ಕೇ ಅಪಾಯ.

ಬೇರೆ ಯಾವುದಕ್ಕಾದರೂ ಆಸ್ಪತ್ರೆಗೆ ಸೇರಿಸಿದರೆ ಮಾತ್ರೆಯ ಹೊತ್ತನ್ನು ದೊಡ್ಡದಾಗಿ ಬರೆದು ನರ್ಸಿಗೆ ಕೊಡು. ಮಾವನನ್ನು ಜ್ವರಕ್ಕೆ ಸೇರಿಸಿದಾಗ ವಾರ್ಡಿನ ಲೆಕ್ಕದಲ್ಲಿ ಮಾತ್ರೆ ಮೂರು ಗಂಟೆ ತಡವಾಯಿತು. ಮೇಲೆ ವಾಂತಿಗೆ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಹಾಕಿದರು. ಅದು ಡೋಪಮಿನ್ ಕೆಲಸವನ್ನೇ ತಡೆಯುತ್ತದೆ. ಸಂಜೆ ಅವರು ಕೊರಡಿನ ಹಾಗೆ ಬಿದ್ದಿದ್ದರು. ಆ ಹೆಸರು ಬರೆದಿಟ್ಟುಕೋ.

ಊರಿನವರು ನಸುಗುನ್ನಿ ಬೀಜದ ಪುಡಿ ಕೊಡು ಅಂತ ಹೇಳಿಯೇ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಆ ಬೀಜದಲ್ಲಿ ಲೆವೊಡೋಪಾ ಇದೆ. 1937ರಲ್ಲೇ ನಮ್ಮ ದೇಶದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದರು. ಆದರೆ ಒಂದು ಚಮಚದಲ್ಲಿ ಎಷ್ಟಿದೆ ಅಂತ ಹೇಗೆ ಹೇಳುವುದು? ಮಾತ್ರೆಯ ಜೊತೆ ಅದೂ ಸೇರಿದರೆ ಜಾಸ್ತಿಯಾಗಿ ಮೈ ತಾನಾಗಿ ಹೊರಳಾಡಬಹುದು. ಡಾಕ್ಟರಿಗೆ ಹೇಳದೆ ಕೊಡಬೇಡ.

ಹೊಸ್ತಿಲಲ್ಲಿ ಅಪ್ಪ ಕಾಲು ಅಂಟಿದ ಹಾಗೆ ನಿಂತುಬಿಡುತ್ತಾರೆ ಅಂದೆಯಲ್ಲ, ಆಗ ಕೈ ಹಿಡಿದು ಎಳೆಯಬೇಡ, ಬೀಳುತ್ತಾರೆ. ನಮ್ಮ ಮನೆಯ ಕೆಂಪು ನೆಲದ ಮೇಲೆ ನಾನು ಸೀಮೆಸುಣ್ಣದಲ್ಲಿ ಹೆಜ್ಜೆಗೊಂದು ಅಡ್ಡಗೆರೆ ಎಳೆದಿದ್ದೆ. ಬರೀ ನೆಲದ ಮೇಲೆ ಹೆಜ್ಜೆ ಎತ್ತಲಾಗದವರು ಗೆರೆಯನ್ನು ದಾಟಿ ದಾಟಿ ಬಚ್ಚಲಿಗೆ ಹೋಗುತ್ತಿದ್ದರು. ಒಂದು, ಎರಡು ಅಂತ ಜೋರಾಗಿ ಎಣಿಸಿದರೂ ಕಾಲು ಏಳುತ್ತದೆ.

ಮಾತಿನ ಬಗ್ಗೆ ಬರೆಯಲು ನನಗೆ ಸ್ವಲ್ಪ ಕಷ್ಟ. ಮಾವನ ದನಿ ಕುಗ್ಗಿತು. ತಾವು ಜೋರಾಗಿಯೇ ಮಾತಾಡುತ್ತಿದ್ದೇವೆ ಅಂತ ಅವರಿಗೆ ಅನಿಸುತ್ತಿತ್ತು, ನಮಗೆ ಪಿಸುಮಾತಿನ ಹಾಗೆ ಕೇಳುತ್ತಿತ್ತು. ಯಾರಾದರೂ ಬಂದು "ಹೇಗಿದ್ದೀರಿ ಮೇಷ್ಟ್ರೇ" ಅಂದರೆ ಅವರು ಬಾಯಿ ತೆರೆಯುವ ಮೊದಲೇ ನಾನು "ಪರವಾಗಿಲ್ಲ, ಚೆನ್ನಾಗಿದ್ದಾರೆ" ಅನ್ನುತ್ತಿದ್ದೆ. ಒಂದು ದಿನ ಎಲ್ಲರೂ ಹೋದ ಮೇಲೆ ಅವರು ನಿಧಾನವಾಗಿ ಅಂದರು, "ನನ್ನನ್ನು ಕೇಳಿದ್ದು ಕಣೇ." ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಪ್ಪನನ್ನು ಈಗಲೇ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗು. ದನಿ ಎತ್ತಿ ಮಾತಾಡುವ ಅಭ್ಯಾಸ ಮಾಡಿಸುತ್ತಾರೆ. ಬೆಂಗಳೂರಿನಲ್ಲೇ ಇದ್ದೀಯ, ನಿಮ್ಹಾನ್ಸ್ ಹತ್ತಿರವೇ ಇದೆ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಅದನ್ನೂ ಅಲ್ಲೇ ಹೇಳು, ತಡ ಮಾಡಬೇಡ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಮಾಡುತ್ತೇನೆ. ಎಂಟರ ಮಾತ್ರೆ ಹಿಡಿದಿರುತ್ತದೆ. ಫೋನು ನನ್ನ ತಮ್ಮನ ಕೈಗೆ ಕೊಟ್ಟು ನೀನು ಆಚೆ ಹೋಗು. ಅವನು ಹಲೋ ಅನ್ನುವವರೆಗೆ ನಾನು ಕಾಯುತ್ತೇನೆ.

ಇಂತಿ ನಿನ್ನ ಅತ್ತೆ