ಹರ್-2 ಪ್ರೋಟೀನ್ ಊಟದ ಪ್ರೋಟೀನ್ ಅಲ್ಲ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ಕುರಿತು ಕಳೆದ ತಿಂಗಳು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ‘ಹರ್-2 ಎಂಬ ಪ್ರೋಟೀನ್ ಹೆಚ್ಚಾದರೆ ಕ್ಯಾನ್ಸರ್ ಬೆಳೆಯುತ್ತದೆ’ ಎಂದಷ್ಟೇ ಬರೆಯಲಾಗಿತ್ತು. ಮಾತು ತಪ್ಪಲ್ಲ. ಆದರೆ ಅದನ್ನು ಓದಿದ ನಮ್ಮ ಓಣಿಯ ಹಿರಿಯರೊಬ್ಬರು, ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದಿದ್ದ ಸೊಸೆಯ ತಾಟಿನಿಂದ ಹೆಸರುಕಾಳಿನ ಪಲ್ಯ, ಮೊಟ್ಟೆ, ಕೊನೆಗೆ ಶೇಂಗಾ ಹಿಂಡಿಯನ್ನೂ ತೆಗೆಸಿಬಿಟ್ಟರು. ಮೈಗೆ ಕಸುವು ಬೇಕಾದ ಹೊತ್ತಿನಲ್ಲೇ ಆಕೆ ಎಂಟು ದಿನ ಬರೀ ರೊಟ್ಟಿ, ಸಾರು ಉಂಡರು.

ಹರ್-2 ಬೇಳೆಕಾಳಿನಿಂದ ಹೆಚ್ಚುವಂಥದ್ದಲ್ಲ. ಅದು ನಮ್ಮೆಲ್ಲರ ದೇಹದ ಹಲವು ಜೀವಕೋಶಗಳ ಹೊರಪೊರೆಯಲ್ಲಿದ್ದು, ಬೆಳೆಯುವ ಮತ್ತು ವಿಭಜನೆಯಾಗುವ ಸಂಕೇತವನ್ನು ಕೋಶದ ಒಳಗೆ ದಾಟಿಸುವ ಗ್ರಾಹಕ (ರಿಸೆಪ್ಟರ್). ಅದರ ಕುಟುಂಬದ ಇತರ ಗ್ರಾಹಕಗಳು ಹೊರಗಿನಿಂದ ಬೆಳವಣಿಗೆಯ ಅಂಶವೊಂದು ಬಂದು ಕೂಡಿದಾಗ ಎಚ್ಚರಗೊಂಡರೆ, ಹರ್-2 ಮಾತ್ರ ಯಾವಾಗಲೂ ಇನ್ನೊಂದು ಗ್ರಾಹಕದೊಂದಿಗೆ ಜೋಡಿಯಾಗಲು ಸಿದ್ಧವಾಗಿಯೇ ಇರುತ್ತದೆ. 17ನೇ ವರ್ಣತಂತುವಿನಲ್ಲಿರುವ ಅದರ ಜೀನ್ ಯಾವುದೋ ಒಂದು ಕೋಶದಲ್ಲಿ ಎರಡು ಪ್ರತಿಗಳಿಂದ ಹತ್ತಾರು ಪ್ರತಿಗಳಾದಾಗ, ಪೊರೆಯ ಮೇಲೆ ಒತ್ತೊತ್ತಾಗಿ ತುಂಬಿಕೊಂಡ ಗ್ರಾಹಕಗಳು ಹೊರಗಿನ ಕರೆಗೆ ಕಾಯದೆ ಪರಸ್ಪರ ಕೂಡಿ ಸಂಕೇತ ಕಳಿಸುತ್ತಲೇ ಇರುತ್ತವೆ. ನೂರು ಸ್ತನ ಕ್ಯಾನ್ಸರ್‌ಗಳಲ್ಲಿ 15ರಿಂದ 20ರಲ್ಲಿ ಹೀಗಾಗಿರುತ್ತದೆ. ಈ ಬದಲಾವಣೆ ಗಡ್ಡೆಯ ಕೋಶಗಳಲ್ಲಷ್ಟೇ ಆದದ್ದು, ತಾಯಿಯಿಂದ ಮಗಳಿಗೆ ಬರುವಂಥದ್ದಲ್ಲ. (ಹೆಣ್ಣು ನೋಡಲು ಬರುವವರಿಗೂ ಇದು ತಿಳಿದಿದ್ದರೆ ಒಳ್ಳೆಯದು.)

ಇದೇ ಪ್ರೋಟೀನ್ ಹೃದಯದ ಸ್ನಾಯುವಿಗೂ ಬೇಕು. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ರಾಸ್ಟುಜುಮ್ಯಾಬ್ ಎಂಬ, ಹರ್-2 ಹೆಚ್ಚಿರುವ ಕ್ಯಾನ್ಸರಿಗೆ ಕೊಡುವ ಔಷಧಿ ಹರ್-2ಕ್ಕೇ ಅಂಟಿಕೊಂಡು ಸಂಕೇತವನ್ನು ತಡೆಯುವುದರಿಂದ, ಅದನ್ನು ಪಡೆಯುವವರಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಹೃದಯದ ಎಕೋ ಪರೀಕ್ಷೆ ಮಾಡಿಸುತ್ತಾರೆ. ಕ್ಯಾನ್ಸರ್ ಹೃದಯಕ್ಕೂ ಹರಡಿತೇ ಎಂದು ಗಾಬರಿಯಾಗಬೇಕಿಲ್ಲ.

ಆ ಸೊಸೆಯ ಬಯಾಪ್ಸಿ ವರದಿಯಲ್ಲಿ ‘ಹರ್-2: 2+’ ಎಂದಿತ್ತು. ಮನೆಯವರು ಅದನ್ನು ಕ್ಯಾನ್ಸರಿನ ಎರಡನೆಯ ಹಂತವೆಂದು ತಿಳಿದಿದ್ದರು. ಅದು ಹಂತವಲ್ಲ, ಗಡ್ಡೆಯ ಕೋಶಗಳಲ್ಲಿ ಹರ್-2 ಎಷ್ಟಿದೆ ಎಂಬುದರ ಅಳತೆ. 3+ ಎಂದರೆ ಹರ್-2 ಹೆಚ್ಚಾಗಿದೆ, 0 ಅಥವಾ 1+ ಎಂದರೆ ಹೆಚ್ಚಾಗಿಲ್ಲ. 2+ ಎಂದರೆ ಇನ್ನೂ ನಿರ್ಧಾರವಾಗಿಲ್ಲ, ಜೀನ್‌ನ ಪ್ರತಿಗಳನ್ನು ಎಣಿಸುವ ‘ಫಿಶ್’ ಪರೀಕ್ಷೆ ಆಗಬೇಕು ಎಂದರ್ಥ. ಈ ವಿಷಯವನ್ನು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಈಗ ಪರೀಕ್ಷೆಗೆ ಕೊಟ್ಟಿದ್ದಾರೆ.

ಮುಂದೆ ಇಂಥ ಲೇಖನ ಪ್ರಕಟಿಸುವಾಗ ‘ಪ್ರೋಟೀನ್’ ಎಂದು ಬಿಡದೆ ‘ಸಂಕೇತ ಗ್ರಾಹಕ’ ಎಂದು ಬರೆಯಿರಿ. ಊಟದಲ್ಲಿ ಏನನ್ನೂ ಬಿಡುವ ಮೊದಲು ವೈದ್ಯರನ್ನು ಕೇಳಬೇಕೆಂಬ ಒಂದು ಸಾಲನ್ನೂ ಸೇರಿಸಿರಿ ಎಂದು ವಿನಂತಿ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಧಾರವಾಡ