ಜೋಕುಮಾರನ ಬುಟ್ಟಿ ಮತ್ತು ನಮ್ಮ ಮೈಕು

ಪ್ರಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಮೊಬೈಲಿನಲ್ಲಿ ಜಗತ್ತೇ ಸಿಗುವಾಗ ನಿಮ್ಮ ಹದಿನೈದು ಕಿಲೋಮೀಟರಿನ ರೇಡಿಯೋ ಯಾರಿಗೆ ಬೇಕು?" ಅಂದೆ. ನಮ್ಮ ಸಮುದಾಯ ರೇಡಿಯೋದ ದನಿ ಮುಟ್ಟುವುದು ಅಷ್ಟೇ ದೂರ, ನಿಜ. ನೋಯಿಸಲು ಹೇಳಿದ್ದಲ್ಲ, ಗೊತ್ತು. ಆದರೆ ಆಗ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. ನಿನ್ನೆ ಹಳೆಯ ರೆಕಾರ್ಡಿಂಗ್ ಹುಡುಕುವಾಗ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಜೋಕುಮಾರ ನೆನಪಿದ್ದಾನೆ ಅಲ್ವಾ? ಗಣಪತಿ ಹಬ್ಬ ಆಗಿ ನಾಲ್ಕು ದಿನಕ್ಕೆ, ಭಾದ್ರಪದದ ಅಷ್ಟಮಿಗೆ ಹುಟ್ಟುತ್ತಾನೆ. ಬುಟ್ಟಿಯಲ್ಲಿ ಕೂತು ಓಣಿ ಓಣಿ ತಿರುಗುತ್ತಾನೆ. ಮಣ್ಣಿನ ಅಗಲ ಮುಖ, ತುಟಿ ತುಂಬ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಹೊತ್ತು ತಂದ ಹೆಣ್ಣುಮಕ್ಕಳು ಅಂಗಳದಲ್ಲಿ ಇಳಿಸಿ ಹಾಡುತ್ತಾರೆ. ಮೊರದಲ್ಲಿ ಜೋಳ ಹಾಕಿದರೆ ಬೇವಿನ ಎಲೆ, ನುಚ್ಚು ಕೊಡುತ್ತಾರೆ. ನಿಮ್ಮ ಅಜ್ಜ ಆ ನುಚ್ಚನ್ನು ಅಂಬಲಿಯಲ್ಲಿ ಕಲಸಿ ಹೊಲಕ್ಕೆ ಒಯ್ದು ಚೆಲ್ಲುತ್ತಿದ್ದರು. ನಾವಿಬ್ಬರೂ ಬದುವಿನ ಮೇಲೆ ಅವರ ಹಿಂದೆ ಓಡುತ್ತಿದ್ದೆವು.

ಅವರು ಹೇಳುತ್ತಿದ್ದ ಕಥೆ ನನಗೆ ಈಗಲೂ ಬಾಯಿಪಾಠ. ಗಣಪ ಭೂಮಿಗೆ ಬರುತ್ತಾನೆ, ಕಡಬು ಉಣ್ಣುತ್ತಾನೆ. ವಾಪಸ್ಸು ಹೋಗಿ ಶಿವನಿಗೆ "ಮಂದಿ ಚೆನ್ನಾಗಿದ್ದಾರೆ, ನಾಡು ಸುಖವಾಗಿದೆ" ಎನ್ನುತ್ತಾನೆ. ಅವನಿಗೆ ಕಂಡದ್ದೇ ಅಷ್ಟು, ತಪ್ಪೇನಿಲ್ಲ. ಅವನ ಬೆನ್ನಿಗೆ ಜೋಕುಮಾರ ಬರುತ್ತಾನೆ. ಏಳು ದಿನ ಮನೆ ಮನೆ ತಿರುಗುತ್ತಾನೆ. ಕೆರೆ ಒಣಗಿದ್ದು, ಬಿತ್ತಿದ ಬೀಜ ಮೊಳೆಯದ್ದು, ದನಕ್ಕೆ ಮೇವಿಲ್ಲದ್ದು ಎಲ್ಲ ನೋಡುತ್ತಾನೆ. ಹುಣ್ಣಿಮೆಗೆ ಅವನ ಆಯಸ್ಸು ಮುಗಿಯುತ್ತದೆ. ಮೇಲೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ. ಆಮೇಲೆ ಮಳೆ ಬರುತ್ತದೆ.

ಮೂರು ವರ್ಷದ ಹಿಂದಿನ ಮಾತು. ಹುಬ್ಬೆ ಮಳೆ ಪೂರ್ತಿ ಕೈ ಕೊಟ್ಟಿತ್ತು. ರೆಕಾರ್ಡರ್ ಹಿಡಿದು ನಾನು ಆ ಹೆಣ್ಣುಮಕ್ಕಳ ಜೊತೆ ಬೆಳಗಿನಿಂದ ತಿರುಗಿದೆ. ಮುಂದೆ ಹಾಡುತ್ತಿದ್ದ ಅಜ್ಜಿಗೆ ಅರವತ್ತು ದಾಟಿರಬೇಕು. ಪ್ರತಿ ಅಂಗಳದಲ್ಲೂ ಮೊದಲು ಬುಟ್ಟಿಯ ಕೆಳಗಿನ ಸಿಂಬೆ ಸರಿಪಡಿಸಿ, ಜೋಕುಮಾರನ ತುಟಿಯಿಂದ ಜಾರಿದ ಬೆಣ್ಣೆಯನ್ನು ಬೆರಳಿನಿಂದ ಮೇಲೆತ್ತಿ, ಆಮೇಲೆ ಬಾಯಿ ತೆಗೆಯುತ್ತಿದ್ದಳು. ಕೆರೆ ತುಂಬಲಿ, ಗೊಡ್ಡು ದನ ಹೈನಾಗಲಿ ಎಂಬ ಹಾಡು. ಶ್ರುತಿ ಪೆಟ್ಟಿಗೆ ಇಲ್ಲ, ತಾಳ ಇಲ್ಲ. ಆದರೂ ಹನ್ನೆರಡು ಮನೆಯಲ್ಲಿ ಹಾಡಿದ್ದು ಒಂದೇ ಶ್ರುತಿಯಲ್ಲಿತ್ತು.

ಕೊನೆಯ ಮನೆಯಲ್ಲಿ ಹಾಡು ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಮೈಕಿನ ಹತ್ತಿರ ಬಂದು ಹೇಳಿದಳು: "ನಮ್ಮ ಓಣಿ ನಳಕ್ಕ ಒಂಬತ್ತ ದಿನಾ ಆತು, ನೀರ ಬಂದಿಲ್ಲ. ಇದನ್ನೂ ಹಾಕ್ರಿ."

ನಾನು ಹಾಕಲಿಲ್ಲ. ರಾತ್ರಿ ಎಡಿಟಿಂಗಿಗೆ ಕೂತಾಗ ಕೋಳಿ ಕೂಗಿದ್ದು, ಬೈಕು ಹೋದದ್ದು, ಆಕೆಯ ಆ ಮಾತು ಎಲ್ಲ ಕತ್ತರಿಸಿದೆ. ಜನಪದ ಹಾಡು ಚೊಕ್ಕವಾಗಿ ಕೇಳಬೇಕು ಎಂದುಕೊಂಡಿದ್ದೆ. ಪ್ರಸಾರ ಆಯಿತು, ಮೆಚ್ಚುಗೆಯೂ ಬಂತು. ಎರಡು ದಿನ ಬಿಟ್ಟು ಅಜ್ಜಿ ನಮ್ಮ ಸ್ಟುಡಿಯೋ ಬಾಗಿಲಿಗೇ ಬಂದಳು. ಸಿಟ್ಟು ಮಾಡಲಿಲ್ಲ. "ನನ್ನ ಹಾಡ ಬಂತ್ರಿ. ಮಾತ ಎಲ್ಲಿ ಹೋತು?" ಎಂದು ಕೇಳಿದಳು. ಅಷ್ಟೇ.

ಇಷ್ಟು ವರ್ಷ ಮೈಕಿನ ಮುಂದೆ ಕೂತವನಿಗೆ ಆ ಪ್ರಶ್ನೆಗೆ ಉತ್ತರ ಇರಲಿಲ್ಲ.

ಸಮುದಾಯ ರೇಡಿಯೋದಲ್ಲಿ ನಾವು ಸ್ವಂತವಾಗಿ ಸುದ್ದಿ ಓದುವಂತಿಲ್ಲ, ನಿನಗೆ ಗೊತ್ತಿರಲಿಕ್ಕಿಲ್ಲ. ರಾಜಕೀಯದ ಮಾತು ನಮ್ಮದಲ್ಲ. ಆದರೆ ನೀರು, ಕರೆಂಟು, ಹವಾಮಾನ, ಜಾತ್ರೆ, ಪರೀಕ್ಷೆ ಇವನ್ನೆಲ್ಲ ಹೇಳಬಹುದು. ಅಂದರೆ ಆಕೆಯ ಮಾತಿಗೆ ಯಾವ ನಿಯಮವೂ ಅಡ್ಡ ಬಂದಿರಲಿಲ್ಲ. ಅಡ್ಡ ಬಂದದ್ದು ನನ್ನ ಕಿವಿ. ಅವತ್ತು ಸಂಜೆಯೇ ಇಡೀ ರೆಕಾರ್ಡಿಂಗ್ ಹಾಗೇ ಹಾಕಿದೆ, ಕೋಳಿ ಕೂಗಿನ ಸಮೇತ. ಮುಗಿಯುವ ಮೊದಲೇ ಬೇರೆ ಮೂರು ಓಣಿಯಿಂದ ಫೋನು ಬಂತು. ಅಲ್ಲಿಯೂ ನಳ ಒಣಗಿತ್ತು. ನಾಲ್ಕನೇ ದಿನ ನೀರು ಬಿಟ್ಟರು. ನಮ್ಮಿಂದಲೇ ಬಂತು ಎಂದು ಹೇಳಲಾರೆ.

ನಿನಗೆ ನಮ್ಮಜ್ಜನ ರೇಡಿಯೋ ನೆನಪಿರಬೇಕು. ಮುಳ್ಳು ಯಾವಾಗಲೂ ಧಾರವಾಡದ ಮೇಲೇ ಇರುತ್ತಿತ್ತು, 765 ಕಿಲೋಹರ್ಟ್ಸ್. ಗೊರಗೊರ ಅಂದರೆ ಅಜ್ಜ ಮುಳ್ಳು ಮುಟ್ಟುತ್ತಿರಲಿಲ್ಲ. ಪೆಟ್ಟಿಗೆಯನ್ನೇ ಮೆಲ್ಲಗೆ ತಿರುಗಿಸುತ್ತಿದ್ದರು. ದಿಕ್ಕು ಸರಿಹೊಂದಿದ ಕೂಡಲೇ ದನಿ ತಿಳಿಯಾಗುತ್ತಿತ್ತು. ಆ ಕೇಂದ್ರ ಶುರುವಾದದ್ದು 1950ರ ಜನವರಿ 8ರಂದು, ದೇಶ ಗಣರಾಜ್ಯ ಆಗಲು ಹದಿನೆಂಟು ದಿನ ಇರುವಾಗ. ಬೇಂದ್ರೆಯವರು ಅಲ್ಲಿ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದರು. ಅಂಥ ದೊಡ್ಡವರು ಇದ್ದ ಕೇಂದ್ರ. ಆದರೆ ನಮ್ಮಜ್ಜ ಕಿವಿ ಕೊಟ್ಟು ಕೂರುತ್ತಿದ್ದದ್ದು ಕೇಳುಗರ ಪತ್ರ ಓದುವ ಹೊತ್ತಿಗೆ. ಯಾವ ಊರಿನಿಂದ ಯಾರು ಬರೆದರು ಎಂದು ಹೆಸರು ಹೇಳುತ್ತಿದ್ದರಲ್ಲ, ಅದಕ್ಕೆ. ಒಮ್ಮೆ ನಮ್ಮೂರಿನ ಹೆಸರು ಬಂದ ದಿನ ಅವರು ಊಟದ ತಟ್ಟೆ ಬಿಟ್ಟು ಎದ್ದು ನಿಂತಿದ್ದರು. ನಾನು ಈ ಕೆಲಸಕ್ಕೆ ಬರಲು ಅದೇ ಕಾರಣ ಇರಬೇಕು.

'ಆಕಾಶವಾಣಿ' ಎಂಬ ಹೆಸರು ಬಂದದ್ದೂ ಒಂದು ಮನೆಯಿಂದಲೇ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು. ಅದರ ಹೆಸರೇ ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋ ಅದೇ ಹೆಸರು ಹಿಡಿಯಿತು. ಸಣ್ಣ ರೇಡಿಯೋ ಎಂದು ಯಾರಾದರೂ ಅಂದಾಗ ನನಗೆ ಆ ಮನೆ ನೆನಪಾಗುತ್ತದೆ.

ನಿನ್ನ ಮೊಬೈಲು "ಉತ್ತರ ಒಳನಾಡಿನಲ್ಲಿ ಸಾಧಾರಣ ಮಳೆ" ಎನ್ನುತ್ತದೆ. ಸುಳ್ಳೇನಲ್ಲ. ಆದರೆ ಉತ್ತರ ಒಳನಾಡು ಅಂದರೆ ಬೀದರಿನಿಂದ ಹಾವೇರಿಯವರೆಗೂ ಹೌದು. ಉಳ್ಳಾಗಡ್ಡಿ ಕಿತ್ತು ಹೊಲದಲ್ಲೇ ಹರವಿದವನಿಗೆ ಬೇಕಾದದ್ದು ಒಂದೇ: ಹಳ್ಳದ ಆಚೆ ಮಳೆ ಹಿಡಿಯಿತೋ ಇಲ್ಲವೋ. ನಾವು ಆಚೆಯ ಊರಿನವರಿಗೇ ಫೋನು ಮಾಡಿ, ಅವರ ಬಾಯಿಂದಲೇ ಹೇಳಿಸುತ್ತೇವೆ. ಹೆಂಚಿನ ಮೇಲೆ ಹನಿ ಬೀಳುವ ಸದ್ದು ಮಾತಿಗಿಂತ ಮೊದಲೇ ಕೇಳಿಸುತ್ತದೆ. ಅದನ್ನು ಕೇಳಿ ತಾಡಪಾಲು ಹುಡುಕಲು ಓಡಿದವರು ಇದ್ದಾರೆ. ಯಾರಿಗೆ ಬೇಕು ಎಂದು ಕೇಳಿದೆಯಲ್ಲ, ಇವರಿಗೆ ಬೇಕು ಗೆಳೆಯಾ.

ಒಂದು ಚಿಂತೆ ಮಾತ್ರ ಇದೆ. ಆ ಅಜ್ಜಿಯ ಮಗಳು ಹಾಡು ಕಲಿತಿದ್ದಾಳೆ, ಮೊಮ್ಮಗಳು ಕಲಿತಿಲ್ಲ. ಬುಟ್ಟಿ ಹೊರಲು ಹುಡುಗಿಗೆ ನಾಚಿಕೆಯಂತೆ. ನಾನು ಒತ್ತಾಯ ಮಾಡಿಲ್ಲ, ಮಾಡುವ ಹಕ್ಕೂ ನನಗಿಲ್ಲ. ಆದರೆ ಈ ಸಲ ರೆಕಾರ್ಡರನ್ನು ಅವಳ ಕೈಗೇ ಕೊಡುವವನಿದ್ದೇನೆ. ಹೋದ ಭಾನುವಾರ ಸ್ಟುಡಿಯೋಗೆ ಬಂದಿದ್ದಳು. ಹೆಡ್‌ಫೋನ್ ಹಾಕಿಕೊಂಡು ಅಜ್ಜಿಯ ಹಾಡು ಕೇಳಿದಳು. ಎಲ್ಲೂ ಕತ್ತರಿಸದ ರೆಕಾರ್ಡಿಂಗ್. ಕೊನೆಗೆ ನಳದ ಮಾತು ಬಂದಾಗ ನಕ್ಕಳು. "ಇನ್ನೊಂದ ಸಲ ಹಚ್ರಿ" ಅಂದಳು.

ಅಷ್ಟಮಿ ಹೊತ್ತಿಗೆ ಬಿಡುವು ಮಾಡಿಕೊಂಡು ಬಾ. ನಿಮ್ಮ ಹೊಲದ ಬದು ಇನ್ನೂ ಹಾಗೇ ಇದೆ.

ನಿನ್ನ ಗೆಳೆಯ